ಒಂದೇ ಸೂರಿನ ಕೆಳಗೆ ಹದಿಮೂರು ತಿಂಗಳು

ಮರಳುಗಾಡಿನ ಗಣಿಯೂರು ಕೂಬರ್ ಪೀಡಿಯಲ್ಲಿ ಓಪಲ್ ಎಂಬ ರತ್ನದ ಕಲ್ಲು ಕೊಳ್ಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಮದುವೆ ಬಿಡಿಸುವವರು ಬೇಕೆಂದರೆ ಮಾತ್ರ ಐನೂರು ಕಿಲೋಮೀಟರ್ ಆಚೆಯ ಪೋರ್ಟ್ ಅಗಸ್ಟಾಕ್ಕೆ ಫೋನ್ ಮಾಡಬೇಕು. ದೆಸಾಂಕಾ ಮಾಡಿದಳು. ಮೊದಲ ವಕೀಲ ಅವಳ ಗಂಡನ ಹೆಸರು ಕೇಳಿದ್ದೇ ತಡ, "ನಿಮ್ಮ ಕೇಸು ಹಿಡಿಯೋ ಹಾಗಿಲ್ಲ, ಯಾಕೆ ಅಂತ ಹೇಳೋ ಹಾಗೂ ಇಲ್ಲ" ಎಂದು ಇಟ್ಟುಬಿಟ್ಟ. ಗಂಡ ರಾದೊವಾನ್ ತನ್ನ ಗಣಿಯ ಕಾಗದಪತ್ರಕ್ಕೆ ಅವನ ಹತ್ತಿರವೇ ಹೋಗುತ್ತಿದ್ದ. ಎರಡನೆಯವರಲ್ಲಿ ಅರ್ಧ ಗಂಟೆ ಬರೀ ಕಾಯಿಸುವ ಸಂಗೀತ. ಮೂರನೆಯವಳು ಗ್ವೆಂಡಾ ಟಿಲ್‌ಬ್ರೂಕ್. ಅವಳು ಫೋನೆತ್ತಿ "ಹೇಳಿ" ಎಂದಾಗ ದೆಸಾಂಕಾಗೆ ಅಳು ಬಂತು.

ಅವಳು ನಿಂತಿದ್ದದ್ದು ತಾನು ಕೆಲಸ ಮಾಡುವ ಮೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಊರಿನ ಉಳಿದ ಮನೆಗಳಂತೆ ಗುಡ್ಡದೊಳಗೆ ಕೊರೆದ ಅವಳ ಮನೆಗೆ ಫೋನಿನ ಸಿಗ್ನಲ್ ಇಳಿಯುವುದಿಲ್ಲ, ಇಳಿದರೂ ಅಲ್ಲಿ ನಿಂತು ಈ ಮಾತು ಆಡುವಂತಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಆಸ್ತಿಯಲ್ಲ, ಒಂದು ಕಾಗದ. ಎರಡು ಸಲ ಅಡಿಲೇಡಿನ ತಂಗಿಯ ಮನೆಗೆ ಓಡಿಹೋಗಿದ್ದಳು. ಎರಡು ಸಲವೂ ರಾದೊವಾನ್ ಹಗಲಿಡೀ ಗಾಡಿ ಓಡಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತು, "ನನ್ನ ಹೆಂಡ್ತೀನ ಕರ್ಕೊಂಡು ಹೋಗೋಕೆ ಬಂದಿದೀನಿ" ಎಂದಿದ್ದ. ತಂಗಿಯೇ ಬ್ಯಾಗು ತಂದುಕೊಟ್ಟಳು. "ನೀನು ಅವನ ಹೆಂಡ್ತಿ ಅಲ್ಲ ಅನ್ನೋ ಕಾಗದ ತಗೊಂಡು ಬಾ ಅಕ್ಕ, ಆಮೇಲೆ ಅವನ ಮುಖದ ಮೇಲೇ ಬಾಗಿಲು ಹಾಕ್ತೀನಿ" ಎಂದಳು. ಮಹಾ ತಂಗಿ!

ರಾದೊವಾನ್ ಹೆಂಡತಿಗೆ ಹೊಡೆಯುವವನಲ್ಲ ಎಂದು ಊರು ಹೇಳುತ್ತದೆ. ನಿಜ, ಅವನು ಗಣಿಯ ಸುತ್ತಿಗೆ ಹಿಡಿದು ಅವಳ ತಲೆಯ ಪಕ್ಕದ ಗೋಡೆಗೆ ಹೊಡೆಯುತ್ತಿದ್ದ. ಗೋಡೆಗೆ ಬಿದ್ದದ್ದು ಊರಿನ ಲೆಕ್ಕಕ್ಕೆ ಬರುವುದಿಲ್ಲ.

"ಅದಕ್ಕೆ ಕೋರ್ಟಿಂದ ರಕ್ಷಣೆ ಕೇಳಬಹುದು, ಅದನ್ನೂ ಹಾಕೋಣ" ಎಂದಳು ಎಲ್ಲ ಕೇಳಿಸಿಕೊಂಡ ಗ್ವೆಂಡಾ.

"ಹಾಕಿ. ಆದ್ರೆ ಡೈವೋರ್ಸಿಗೆ ಅವನ ಒಪ್ಪಿಗೆ ಬೇಕಾ?"

"ಬೇಡ."

"ಅವನ ತಪ್ಪು ತೋರಿಸ್ಬೇಕಾ?"

"ತಪ್ಪು ಯಾರದು ಅಂತ ಇಲ್ಲಿ ಯಾರೂ ಕೇಳಲ್ಲ. ಹನ್ನೆರಡು ತಿಂಗಳು ಬೇರೆ ಇದ್ದಿರಬೇಕು, ಅಷ್ಟೆ."

"ಇದೀನಲ್ಲ! ಹೋದ ವರ್ಷ ಈಸ್ಟರ್ ದಿನ ಮುಖಕ್ಕೇ ಹೇಳ್ದೆ, ಇವತ್ತಿಂದ ನಾನು ನಿನ್ನ ಹೆಂಡ್ತಿ ಅಲ್ಲ ಅಂತ. ಹದಿಮೂರು ತಿಂಗಳಾಯ್ತು. ಅವನು ಮಾರನೇ ದಿನವೇ ಯಂತ್ರ ತಂದು, ಗೋಡೆ ಕೊರೆದು ತನಗೊಂದು ಬೇರೆ ರೂಮು ಮಾಡ್ಕೊಂಡ."

"ಅಂದ್ರೆ ಅದೇ ಮನೇಲಿ?"

"ಇನ್ನೆಲ್ಲಿಗೆ ಹೋಗ್ಲಿ?"

ಬೇರೆ ಊರಿನ ಗಂಡಂದಿರು ಮುನಿಸಿಕೊಂಡರೆ ಸೋಫಾದ ಮೇಲೆ ಮಲಗುತ್ತಾರೆ, ಇಲ್ಲಿಯವರು ಗುಡ್ಡ ಕೊರೆಯುತ್ತಾರೆ. ಆ ರೂಮೇ ಸಾಕ್ಷಿ ಎಂದು ದೆಸಾಂಕಾ ನಂಬಿದ್ದಳು. ಗ್ವೆಂಡಾ ನಿಟ್ಟುಸಿರು ಬಿಟ್ಟಳು. "ಓಪಲ್ ಹುಡುಕೋಕೆ ಕೊರೆದೆ ಅಂತಾನೆ. ನಿಮ್ಮೂರಲ್ಲಿ ಎಲ್ಲರೂ ಮಾಡೋದೇ ಅದು. ಅಡುಗೆ ಯಾರು ಮಾಡ್ತಿದ್ರಿ?"

"ನಾನೇ. ಅತ್ತೆ ಜೊತೇಲಿದ್ದಾರೆ, ಅವರಿಗೆ ಮಾಡಿದ್ದನ್ನೇ ಅವನೂ ತಿಂತಾನೆ."

"ಬಟ್ಟೆ?"

"ನಾನೇ ಒಗೀತೀನಿ."

"ಜೊತೆಗೆ ಎಲ್ಲಾದ್ರೂ ಹೋಗಿದ್ರಾ?"

"ಚರ್ಚಿಗೆ. ಹಬ್ಬದ ದಿನ ಪಕ್ಕಪಕ್ಕ ನಿಂತು ಮೇಣದ ಬತ್ತಿ ಹಚ್ಚಿದ್ವಿ."

"ಬೇರೆಯಾಗಿದೀವಿ ಅಂತ ಯಾರಿಗಾದ್ರೂ ಹೇಳಿದ್ರಾ?"

"ಅಯ್ಯೋ, ಹೇಳೋದುಂಟಾ? ಊರು ಆಡ್ಕೊಳ್ಳಲ್ವಾ?"

ಒಂದೊಂದು ಉತ್ತರವೂ ತನ್ನ ಕಾಲಡಿಯ ನೆಲವನ್ನೇ ಅಗೆಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಮಾನ ಉಳಿಸಿಕೊಳ್ಳಲು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಳೆಂದರೆ, ಈಗ ಅವಳ ಪರವಾಗಿ ಕಂಡದ್ದನ್ನು ಹೇಳಲು ಊರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನೋಡಿ ದೆಸಾಂಕಾ, ಒಂದೇ ಸೂರಿನ ಕೆಳಗೆ ಇದ್ದೂ ಬೇರೆಯಾಗಿದ್ರಿ ಅಂತ ಇನ್ನೊಬ್ಬರು ಪ್ರಮಾಣ ಮಾಡಿ ಬರ್ಕೊಡಬೇಕು. ಇಲ್ಲದಿದ್ರೆ ನೀವು ಮನೆ ಬಿಟ್ಟ ದಿನದಿಂದ ಹನ್ನೆರಡು ತಿಂಗಳು ಮತ್ತೆ ಎಣಿಸ್ಬೇಕಾಗುತ್ತೆ."

ಮತ್ತೆ ಒಂದು ವರ್ಷ! ದೆಸಾಂಕಾ ಒದ್ದೆ ಹಾಸಿಗೆ ಬಟ್ಟೆಗಳ ರಾಶಿಯ ಮೇಲೆ ಕೂತಳು. ಇನ್ನೊಂದು ವರ್ಷ ತಾನು ಬದುಕಿರುವುದಿಲ್ಲ ಎಂದು ಅವಳಿಗೆ ಅನಿಸಿತು, ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ.

ಮನೆಯೊಳಗೆ ಕಂಡವರು ಒಬ್ಬರೇ ಇದ್ದರು. ಅತ್ತೆ ಮಿಲುಂಕಾ. ಎಪ್ಪತ್ತೆಂಟರ ಮುದುಕಿ, ಹೆಚ್ಚು ಮಾತಿಲ್ಲ. ಇರುವುದು ಒಬ್ಬನೇ ಮಗ.

ಮಧ್ಯಾಹ್ನ ಊಟ ಮುಗಿಸಿ ರಾದೊವಾನ್ ಗಣಿಗೆ ಹೋದ ಮೇಲೆ ದೆಸಾಂಕಾ ಅವಳನ್ನು ಕೇಳಿದಳು.

"ನನ್ನ ಮಗನ ಮೇಲೆ ನಾನು ಸಾಕ್ಷಿ ಹೇಳ್ಬೇಕಾ?" ಎಂದಳು ಮಿಲುಂಕಾ. "ನಾಚಿಕೆ ಆಗಲ್ವೇನೇ ನಿಂಗೆ, ಅದನ್ನ ನನ್ನ ಹತ್ರ ಕೇಳೋಕೆ?"

"ಆಗತ್ತೆ ಅತ್ತೆ. ಆದ್ರೂ ಕೇಳ್ತಿದೀನಿ. ನನಗೆ ಬೇರೆ ಯಾರೂ ಇಲ್ಲ."

ಮುದುಕಿ ಎದ್ದು ಒಳಗೆ ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡ ದೆಸಾಂಕಾ ಅಡುಗೆಮನೆಯ ನೆಲದ ಮೇಲೆ ಕೂತು, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು.

ಮೂರು ದಿನ ಅತ್ತೆ ಸೊಸೆಗೆ ಮಾತಿಲ್ಲ. ನಾಲ್ಕನೆಯ ಬೆಳಿಗ್ಗೆ ಮಿಲುಂಕಾ ಚರ್ಚಿಗೆ ಕಟ್ಟುವ ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಬಂದು, "ಎಲ್ಲೇ ಇದ್ದಾಳೆ ನಿನ್ನ ವಕೀಲಮ್ಮ? ನಡಿ" ಎಂದಳು.

ಬಟ್ಟೆ ಒಗೆಯುವ ಕೋಣೆಯಲ್ಲಿ, ಫೋನಿನ ಆಚೆ ಗ್ವೆಂಡಾ, ಜೊತೆಗೆ ಸರ್ಬಿಯನ್ ಬಲ್ಲ ದುಭಾಷಿ. ಅವರಿಬ್ಬರೂ ಬೇರೆಯಾಗಿದ್ದರು ಎಂದು ನಿಮಗೆ ಹೇಗೆ ಗೊತ್ತು ಎಂದು ಗ್ವೆಂಡಾ ಕೇಳಿಸಿದಳು.

"ಹೋದ ವರ್ಷದ ಈಸ್ಟರಿಂದ ನನ್ನ ಮಂಚ ಅವಳ ಬಾಗಿಲಿಗೆ ಅಡ್ಡ ಇದೆ. ನನ್ನ ದಾಟದೆ ಅವನು ಒಳಗೆ ಹೋಗೋ ಹಾಗಿಲ್ಲ. ಹೋಗಿಲ್ಲ. ಬರ್ಕೊಳ್ಳಿ" ಎಂದಳು ಮಿಲುಂಕಾ.

ದೆಸಾಂಕಾ ಬೆಚ್ಚಿಬಿದ್ದಳು. ಆ ಮಂಚ ತನ್ನ ಮೇಲೆ ಕಣ್ಣಿಡಲು ಹಾಕಿದ್ದು ಎಂದು ಹದಿಮೂರು ತಿಂಗಳು ಮನಸ್ಸಿನಲ್ಲೇ ಮುದುಕಿಗೆ ಶಾಪ ಹಾಕಿದ್ದಳು.

ಮರುದಿನ ಮುದುಕಿಯ ಹೇಳಿಕೆ ಬರೆದ ಕಾಗದ ಬಂತು. ಪ್ರಮಾಣ ಮಾಡಿಸುವ ಅಧಿಕಾರವಿದ್ದ ಔಷಧಿ ಅಂಗಡಿಯವನ ಮುಂದೆ, ದುಭಾಷಿ ಫೋನಿನಲ್ಲಿ ಓದಿ ಹೇಳಿದ ಮೇಲೆ, ಮಿಲುಂಕಾ ಒಂದೊಂದೇ ಅಕ್ಷರ ಒತ್ತಿ ಸಹಿ ಹಾಕಿದಳು. ಹೊರಗೆ ಬಂದು ದೆಸಾಂಕಾ ವಕೀಲಳಿಗೆ ಸುದ್ದಿ ಮುಟ್ಟಿಸಿದಳು.

"ಇವತ್ತೇ ಹೊರಡಿ" ಎಂದಳು ಗ್ವೆಂಡಾ. "ಅವನಿಗೆ ನೋಟೀಸು ಹೋಗೋ ಹೊತ್ತಿಗೆ ನೀವು ಅಲ್ಲಿ ಇರಬಾರದು. ಇಲ್ಲಿ ಹೆಂಗಸರ ಆಶ್ರಯದಲ್ಲಿ ಒಬ್ಬರಿಗೆ ಜಾಗ ಹಿಡಿದಿಟ್ಟಿದೀನಿ. ನೋಟೀಸಿನ ಜೊತೆ ಎಲ್ಲಾ ಕಾಗದದ ಪ್ರತಿ ಅವನ ಕೈಗೆ ಹೋಗುತ್ತೆ, ನಿಮ್ಮ ಅತ್ತೇದೂ."

ದೆಸಾಂಕಾ ಅದನ್ನು ಅತ್ತೆಗೆ ಹೇಳಿದಳು. ಮಿಲುಂಕಾ ಸೊಸೆಯ ತೋಳು ಎಳೆದಳು.

"ಒಂದು ಮಾತು ಕೇಳು ಅವಳನ್ನ. ಹೆಂಡ್ತಿಗೆ ಹನ್ನೆರಡು ತಿಂಗಳು. ತಾಯಿಗೆ ಎಷ್ಟು?"

ದೆಸಾಂಕಾ ಕೇಳಿದಳು.

"ಅದಕ್ಕೆ ಕಾನೂನು ಇಲ್ಲವಂತೆ, ಅತ್ತೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು ಮುದುಕಿ. "ಸರಿ. ನೀನು ಮನೆಗೆ ಬರಬೇಡ. ನಿನ್ನ ಬಟ್ಟೆ ಮೋಟೆಲಿಗೆ ನಾನೇ ತಂದ್ಕೊಡ್ತೀನಿ. ಒಂದು ಗಂಟೆಗೆ ಊಟಕ್ಕೆ ಬರ್ತಾನೆ ಅವನು, ಸೂಪ್ ಇಡ್ಬೇಕು."

ನೀವೂ ಬನ್ನಿ ಎಂಬ ಮಾತು ದೆಸಾಂಕಾಳ ಗಂಟಲವರೆಗೆ ಬಂತು. ಇರುವುದು ಒಬ್ಬರಿಗೆ ಜಾಗ. ಇಬ್ಬರಾದರೆ ತನ್ನದೂ ಕೈತಪ್ಪೀತೋ ಎಂಬ ಭಯಕ್ಕೆ ಆ ಮಾತನ್ನು ನುಂಗಿಕೊಂಡಳು. ನುಂಗಬಾರದಿತ್ತು. ಮಿಲುಂಕಾ ಎರಡು ಹೆಜ್ಜೆ ಹೋಗಿ, ನಿಂತು, ತಲೆವಸ್ತ್ರ ಸರಿಮಾಡಿಕೊಳ್ಳುವ ನೆಪದಲ್ಲಿ ಕಾದಳು ಕೂಡ. ಆಮೇಲೆ ಒಬ್ಬಳೇ ಮನೆಯ ಕಡೆ ನಡೆದಳು.