ವಿದ್ಯಾರ್ಥಿನಿಯ ಸಹಿ

ಫ್ಯಾನಿನ ಗಾಳಿಗೆ ಅರ್ಜಿಯ ಮೂಲೆ ಏಳುತ್ತದೆ, ಬೀಳುತ್ತದೆ, ಸೋನುಬಾಯಿ ಅದರ ಮೇಲೆ ಅಂಗೈ ಒತ್ತಿದಳು, ಬೆವರು ಹತ್ತೀತೆಂದು ತೆಗೆದಳು — ಹಳಿಯಾಳದ ಕಾಲೇಜಿನ ಈ ಕಿಟಕಿ ನಾಲ್ಕೂವರೆಗೆ ಮುಚ್ಚುತ್ತದೆ, ಬಿ.ಎ.ಗೆ ಸೇರಲು ಇವತ್ತೇ ಕೊನೆ, ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು, ಮಗಳು ಇಲ್ಲ. ನೀಲಂ ದಾಂಡೇಲಿಯಲ್ಲಿ, ಕಾಳಿ ಹೊಳೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು ರಬ್ಬರ್ ದೋಣಿ ನಡೆಸಲು ಕಲಿಯುತ್ತಿದ್ದಾಳೆ, ಬೇಕೆಂದೇ ದೋಣಿ ಮಗುಚುತ್ತಾರಂತೆ, ಎದ್ದು ಬಂದವರು ಗೈಡ್. ಪಿಯುಸಿ ಪಾಸಾಗಿ ಎರಡೇ ತಿಂಗಳು, ಒಂದ ವರ್ಷ ತಡಿ ಆಯಿ, ಬರೂ ವರ್ಷ ಸೇರ್ತೇನಿ, ಕಾಲೇಜೇನು ಓಡಿ ಹೋಗತೈತಿ ಅಂದಿದ್ದಳು ಮಗಳು. ಗಂಡ ಪೆದ್ರು ಬೀಡಿ ಹಚ್ಚುತ್ತಾ ನಕ್ಕಿದ್ದ, ಕಾಲೇಜು ಓಡಂಗಿಲ್ಲ, ನಿನ್ನ ಆಯಿ ಓಡ್ತಾಳ ನೋಡು, ಹೊಳಿ ದಂಡಿಗುಂಟ. ಅವನಿಗೆ ಎಲ್ಲವೂ ನಗೆ. ಸೋನುಬಾಯಿಗೆ ಹೊಳೆಯ ಹೆದರಿಕೆಯಲ್ಲ, ಒಂದು ವರ್ಷ ಎಂಬ ಮಾತಿನದು — ತಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅಪ್ಪನೂ ಹೀಗೇ ಅಂದಿದ್ದ, ಈ ಮಳಿಗಾಲ ಅಷ್ಟ ಸಾಲಿ ಬಿಡು, ತಮ್ಮನ್ನ ನೋಡ್ಕೊ, ಮುಂಡಗೋಡದ ಟಿಬೆಟನ್ ಕಾಲೊನಿ, ಗೋವಿನಜೋಳದ ಹೊಲದಲ್ಲಿ ಅವ್ವ ಅಪ್ಪ ಕೂಲಿಗೆ ಕಳೆ ಕೀಳುತ್ತಾರೆ, ಬದುವಿನ ಮೇಲೆ ಇವಳು, ತೊಡೆಯ ಮೇಲೆ ಅಳುವ ತಮ್ಮ, ಆ ಮಳೆಗಾಲ ಮುಗಿದೇ ಇಲ್ಲ. ಆದರೆ ನೆರೆಮನೆ ಸಲ್ಮಾಳ ಮಗ ಇರ್ಫಾನ್ ಒಂದು ದಿನವೂ ತಡೆಯದೆ ನೇರ ಕಾಲೇಜಿಗೆ ಹೋದವನು, ಮೂರು ವರ್ಷ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ, ಈಗ ಗೋವಾದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾನೆ, ಡಿಗ್ರಿ ಆದವರಿಗೆ ತಟ್ಟಿ ಹಗರ ಆಗತಾವೇನ ಮೌಶಿ ಎಂದು ಅವನೇ ಕೇಳುತ್ತಾನೆ — ಯಾರದು ಖರೆ, ಯಾರನ್ನು ಕೇಳುವುದು, ಬೆಳಿಗ್ಗೆ ತಮ್ಮೂರು ಸಾಂಬ್ರಾಣಿಯಲ್ಲಿ ದಾಂಡೇಲಿ ಬಸ್ ಹತ್ತುವಾಗ ನೀಲಂ ಕೈ ಹಿಡಿದಿದ್ದಳು, ನಾ ಹೂಂ ಅನ್ನೂತನಕ ಏನೂ ಮಾಡಬ್ಯಾಡ ಆಯಿ, ನಿನ್ನ ಕಾಲಿಗೆ ಬೀಳ್ತೇನಿ.

ಏನವಾ, ಎಲ್ಲಾ ತುಂಬಿಸೀರಿ, ಹುಡುಗಿ ಸಹಿ ಎಲ್ಲೈತಿ? ಗುಮಾಸ್ತನ ಬೆರಳು ಖಾಲಿ ಗೆರೆಯ ಮೇಲೆ. ಹೊರಗ ಅದಾಳ್ರೀ ಅಂದುಬಿಟ್ಟಳು, ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಯೇ, ಹಂಗಾರ ಲಗೂ ಮಾಡಿಸ್ಕೊಂಡ ಬರ್ರಿ, ಕಿಟಕಿ ಮುಚ್ಚತೇನಿ. ಕಂಬದ ಮರೆ, ಪೆನ್ನು. ಮಹಿಳಾ ಸಂಘದ ಸಭೆಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಅಕ್ಷರ ಬರೆಸಿದವಳು ಅದೇ ಮಗಳು, ಆಗ ಹತ್ತು ವರ್ಷದವಳು, ಒಲೆಯ ಮುಂದೆ, ಸ್ಲೇಟಿನಲ್ಲಿ, ಮುಷ್ಟಿಯ ಮೇಲೆ ಪುಟ್ಟ ಮುಷ್ಟಿ ಇಟ್ಟು — ನಿನ್ನ ಹೆಸರು ಉದ್ದ ಐತಿ ಆಯಿ, ಮೊದಲ ನಂದು ಬರಿ. ನೀ ಬಂತು, ಮಗಳು ಬರೆಯುವ ಹಾಗೆಯೇ, ಯಾರಿಗೂ ಗೊತ್ತಾಗದು, ಲ ಬಂತು, ಇನ್ನು ಸೊನ್ನೆ, ದುಂಡಗ ಬರಬೇಕ ಆಯಿ, ಪೂರಾ ಕೂಡಿಸು, ಸೊನ್ನಿ ಇಲ್ಲಂದ್ರ ಅದು ನಾ ಅಲ್ಲ — ಗುಮಾಸ್ತ ಕರೆಯುತ್ತಿದ್ದಾನೆ, ಏನವಾ, ಆತೇನು? — ದುಂಡಗೆ ಬರಬೇಕು, ಸೊನ್ನೆ, ಒಂದೇ ಒಂದು ಸೊನ್ನೆ, ಪೆನ್ನು ಇಳಿಯುತ್ತಿಲ್ಲ, ನೀಲ, ನೀಲ, ಪಕ್ಕದಲ್ಲಿ ಸೊನ್ನೆಯಷ್ಟೇ ಬಿಳಿ ಜಾಗ, ಸೊನ್ನೆಯಷ್ಟೇ