ಕೆಂಪು ಗೆರೆ ಎಳೆದ ರೂಲುದೊಣ್ಣೆ

ನಾನು ಒಂದು ರೂಲುದೊಣ್ಣೆ. ಕಾಗದದ ಮೇಲೆ ನೇರ ಗೆರೆ ಎಳೆಸುವುದು ನನ್ನ ಕಸುಬು. ಹುಟ್ಟಿದ್ದು ಜೈಲಿನ ಮರಗೆಲಸದ ಕೊಠಡಿಯಲ್ಲಿ. ನ್ಯಾಯಾಧೀಶರ ಕುರ್ಚಿಗೆ ಕಾಲು ಕಡೆದು ಮಿಕ್ಕ ಬೀಟೆಯ ತುಂಡಿನಿಂದ ಒಬ್ಬ ಕೈದಿ ನನ್ನನ್ನು ಮಾಡಿದ. ಹಲಗೆಯ ಮೇಲೆ ಉರುಳಿಸಿ ಉರುಳಿಸಿ, ಎಲ್ಲೂ ಕುಲುಕದೆ ಓಡುವವರೆಗೆ ಉಜ್ಜಿದ. ಅವನಿಗೆ ಶಿಕ್ಷೆ ಕೊಟ್ಟ ಕಚೇರಿಗೇ ನಾನು ಹೋಗುವವಳೆಂದು ಗೊತ್ತಿದ್ದರೂ ಒರಟಾಗಿ ಮುಟ್ಟಲಿಲ್ಲ.

ತಾಲೂಕು ಕೋರ್ಟಿನಲ್ಲಿ ಹಿರಿಯ ಗುಮಾಸ್ತರಾದ ಶಿರಸ್ತೇದಾರ್ ವೆಂಕೋಬರಾಯರ ಮೇಜು ನನ್ನ ಮನೆಯಾಯಿತು. ದಿನವೂ ನೀಲಿ ಗೆರೆಗಳು. ಕೆಂಪು ಗೆರೆ ಮಾತ್ರ ಅಪರೂಪ. ಸಹಿಯಾದ ಆದೇಶದಲ್ಲಿ ಬರವಣಿಗೆಯ ತಪ್ಪು ಸಿಕ್ಕಿದರೆ, ನ್ಯಾಯಾಧೀಶರ ಅಪ್ಪಣೆಯಾದ ಮೇಲೆ, ಆ ಪದದ ಮೇಲೆ ಒಂದೇ ಒಂದು ಕೆಂಪು ಗೆರೆ.

ಒಂದು ದಿನ ಚೆನ್ನಾಜಮ್ಮ ಎಂಬ ಹೆಂಗಸು ಬಂದಳು. ಗಂಡ ತೀರಿದ ಮೇಲೆ ಬಾವಿಯ ಪಕ್ಕದ ಅಡುಗೆಮನೆಯಲ್ಲಿ ಹತ್ತು ಜನಕ್ಕೆ ಊಟ ಬೇಯಿಸಿ ಬದುಕುತ್ತಿದ್ದವಳು. ಮೈದುನನೊಡನೆ ಮನೆ ಪಾಲಾದಾಗ ಬಾವಿಯಿರುವ ಭಾಗ ಅವಳದೆಂದು ತೀರ್ಪಾಗಿತ್ತು. ಆದರೆ ತೀರ್ಪಿನ ಕೊನೆಯ ಆಸ್ತಿ ವಿವರದಲ್ಲಿ ಅವಳಿಗೆ ಪಶ್ಚಿಮದ ಭಾಗ ಎಂದಿತ್ತು. ಬಾವಿ ಇದ್ದದ್ದು ಪೂರ್ವಕ್ಕೆ. ಸೋಮವಾರ ಕೋರ್ಟಿನ ಅಮೀನ ಬಂದು ಅವಳನ್ನು ಅಲ್ಲಿಂದ ಎಬ್ಬಿಸುವವನಿದ್ದ.

“ಸಾಹೇಬ್ರು ನನ್ನೆದುರಿಗೇ ಹೇಳಿದ್ರು, ಬಾವಿ ನಿಂದು ಅಂತ,” ಎಂದಳು. “ಕಾಗ್ದ ಯಾಕೆ ಬ್ಯಾರೆ ಹೇಳ್ತದೆ ಸ್ವಾಮಿ?”

ರಾಯರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಡಿಸಿ, ಕಡತ ಬಿಚ್ಚಿದರು. ಮನೆಯ ನಕ್ಷೆಯನ್ನು ಬಹಳ ಹೊತ್ತು ನೋಡಿ ಟೈಪಿಸ್ಟ್ ದಸ್ತಗೀರನನ್ನು ಕರೆದರು.

“ಆವತ್ತು ವಿವರ ಬರ್ಕೊಂಡಾಗ ಎಲ್ಲಿ ನಿಂತಿದ್ದೆಯಪ್ಪ?”

“ಸಾಹೇಬ್ರ ಮೇಜಿನ ಈಚೆ ಕಡೆ, ರಾಯರೇ.”

ಹೇಳುತ್ತಲೇ ಅವನ ಮುಖ ಬಿಳಿಚಿತು. ನಕ್ಷೆ ನ್ಯಾಯಾಧೀಶರ ಕಡೆಗೆ ಹರಡಿತ್ತು. ಅವರ ಬಲಕ್ಕಿದ್ದ ಪೂರ್ವ ಎದುರು ನಿಂತವನಿಗೆ ಎಡಕ್ಕೆ ಕಂಡು, ಪಶ್ಚಿಮವೆಂದು ಬರೆದುಕೊಂಡಿದ್ದ.

ರಾಯರು ಕಡತವನ್ನು ನ್ಯಾಯಾಧೀಶರ ಮುಂದಿಟ್ಟರು. ಮೈದುನನ ವಕೀಲರು ಸುಮ್ಮನಿರಲಿಲ್ಲ. ಸಹಿಯಾದ ತೀರ್ಪನ್ನು ಮುಟ್ಟುವಂತಿಲ್ಲ ಎಂದು ವಾದಿಸಿದರು. ನ್ಯಾಯಾಧೀಶರು ತಮ್ಮ ತೀರ್ಪನ್ನೇ ಮತ್ತೆ ಓದಿದರು. ಬಾವಿಯ ಮಾತು ಅದರಲ್ಲಿ ಸ್ಪಷ್ಟವಾಗಿತ್ತು.

“ತೀರ್ಪು ಬದಲಾಗ್ತಿಲ್ಲ ವಕೀಲರೇ,” ಎಂದರು. “ನಾನು ಹೇಳಿದ್ದನ್ನೇ ಕಾಗದವೂ ಹೇಳಲಿ ಅಂತಿದ್ದೀನಿ.”

ರಾಯರು ನನ್ನನ್ನು ದಸ್ತಗೀರನ ಕೈಗೆ ಕೊಟ್ಟರು. ಅವನು ಒಂದೇ ತುದಿಯನ್ನು ಹಿಡಿದ. ನಾನು ದುಂಡಗಿನವಳು, ಹಾಗೆ ಹಿಡಿದರೆ ಉರುಳಿಬಿಡುತ್ತೇನೆ. ರಾಯರು ನನ್ನ ಇನ್ನೊಂದು ತುದಿಯ ಮೇಲೆ ತಮ್ಮ ಬೆರಳು ಒತ್ತಿ ಹಿಡಿದರು. ‘ಪಶ್ಚಿಮ’ದ ಮೇಲೆ ಕೆಂಪು ಗೆರೆ ನೇರ ಬಂತು.

“ಪೂರ್ತಿ ಮುಚ್ಚಿಬಿಡಲಾ ರಾಯರೇ?” ಎಂದು ಅವನು ಮೆಲ್ಲಗೆ ಕೇಳಿದ.

“ಬೇಡ. ತಪ್ಪು ಓದೋಕೆ ಬರಬೇಕು. ಮುಚ್ಚಿದ್ರೆ ಅದು ಇನ್ನೊಂದು ತಪ್ಪು.”

ಮೇಲೆ ‘ಪೂರ್ವ’ ಎಂದು ಬರೆದಾಯಿತು. ಅಂಚಿನಲ್ಲಿ ನ್ಯಾಯಾಧೀಶರ ಚಿಕ್ಕ ಸಹಿ, ತಾರೀಖು. ಒಂದು ಅಂಗುಲದ ಗೆರೆಯಷ್ಟೇ. ಅದರಿಂದ ಒಂದು ಬಾವಿ, ಒಂದು ಒಲೆ, ಒಬ್ಬ ಹೆಂಗಸಿನ ಬದುಕು ತಮ್ಮ ಜಾಗಕ್ಕೆ ಮರಳಿದವು. ನನ್ನ ಮರದ ಮೈ ಜುಮ್ಮೆಂದಿತು.

ಚೆನ್ನಾಜಮ್ಮ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ದೊಣ್ಣೆ ಇರೋದು ಹೊಡೆಯಾಕೆ ಅಂದ್ಕಂಡಿದ್ದೆ,” ಎಂದಳು. ದಸ್ತಗೀರ ಅಂದು ಮೊದಲ ಸಲ ನಕ್ಕ.

ವರ್ಷಗಳು ಕಳೆದು ದಸ್ತಗೀರನೇ ಶಿರಸ್ತೇದಾರನಾದ. ಹೊಸದಾಗಿ ಸೇರಿದ ಟೈಪಿಸ್ಟ್ ವನಮಾಲಾ ಒಂದು ಆದೇಶದಲ್ಲಿ ತಾರೀಖು ತಪ್ಪಾಗಿ ಹೊಡೆದು, ಅಳುತ್ತ ಅವನ ಮುಂದೆ ನಿಂತಳು. ಅಪ್ಪಣೆ ಬಂದ ಮೇಲೆ ಅವನು ನನ್ನನ್ನು ಅವಳ ಕೈಗೇ ಕೊಟ್ಟ. ನನ್ನ ಇನ್ನೊಂದು ತುದಿಯ ಮೇಲೆ ಅವನ ಬೆರಳು ತಾನಾಗಿ ಬಂದು ಕೂತಿತು.

ಈಗ ಕಂಪ್ಯೂಟರುಗಳ ಕಾಲ. ನಾನು ದಾಖಲೆ ಕೋಣೆಯ ಕಿಟಕಿಯಲ್ಲಿ, ಹಳೆಯ ಕಾಗದಗಳು ಹಾರದಂತೆ ಅವುಗಳ ಮೇಲೆ ಮಲಗಿದ್ದೇನೆ. ಮೈಯೆಲ್ಲ ಇನ್ನೂ ಹೊಳೆಯುತ್ತದೆ. ಒಂದು ತುದಿಯಲ್ಲಿ ಮಾತ್ರ ಬೆರಳಗಲ ಮೆರುಗು ಸವೆದಿದೆ. ಬಿಸಿಲು ಬಂದಾಗ ಮೊದಲು ಬೆಚ್ಚಗಾಗುವುದು ಆ ಜಾಗವೇ.