ಬೋರ್ಡಿನ ಮೇಲೆ ಸಾಕಣೆ

ಬರಿಗೈಯಲ್ಲಿ ಜೇನುಪೆಟ್ಟಿಗೆ ತೆರೆಯುವ ಜೇನಮ್ಮನಿಗೆ ಹೆದರಿಕೆ ಇದ್ದದ್ದು ಒಂದೇ ಮಾತಿಗೆ. ಮಗಳು ತಾನು ಹೆತ್ತವಳಲ್ಲ, ತಂದು ಸಾಕಿದವಳು ಎಂಬ ಮಾತದು. ಹುಡುಗಿ ಚಿಕ್ಕವಳಿದ್ದಾಗ ದೊಡ್ಡವಳಾಗಲಿ, ಆಮೇಲೆ ಹೇಳೋಣ ಎಂದುಕೊಂಡಳು. ದೊಡ್ಡವಳಾದ ಮೇಲೆ ಪರೀಕ್ಷೆ ಮುಗಿಯಲಿ ಎಂದುಕೊಂಡಳು. ಪರೀಕ್ಷೆಗಳಿಗೇನು ಬರ, ಒಂದರ ಹಿಂದೊಂದು ಬರುತ್ತಲೇ ಇದ್ದವು.

ಆ ದಿನ ಮಗಳು ಹಿತ್ತಲಲ್ಲಿ ಕೂತು ಅಂಗಡಿಯ ಹೊಸ ಬೋರ್ಡು ಬರೆಯುತ್ತಿದ್ದಳು. 'ಜೇನು ಸಾಕ' ಎಂಬಲ್ಲಿಗೆ ಬಂದು ಕೈ ನಿಲ್ಲಿಸಿದಳು.

"ಅಮ್ಮಾ, ಹುಳಗಳು ತಮ್ಮ ಊಟ ತಾವೇ ತರ್ತವೆ. ನಾವು ಸಾಕೋದೇನು ಬಂತು? ಈ ಪದ ಯಾಕೆ?"

ಪದ ಬಿಡಿಸಿ ಹೇಳುವುದೆಂದರೆ ಜೇನಮ್ಮನಿಗೆ ಎಲ್ಲಿಲ್ಲದ ಚಪಲ. ಸಾಕುವುದರಿಂದ ಸಾಕಣೆ ಬಂತು, ಸಾಕುವುದೆಂದರೆ ಉಣ್ಣಿಸುವುದಷ್ಟೇ ಅಲ್ಲ, ನೆರಳಲ್ಲಿಡುವುದು, ಇರುವೆ ಹತ್ತದಂತೆ ಕಾಯುವುದು, ಹೂವಿಲ್ಲದ ಕಾಲಕ್ಕೆ ಸಕ್ಕರೆ ಪಾಕ ಇಡುವುದು ಎಲ್ಲವೂ ಎಂದಳು. ಅಷ್ಟಕ್ಕೇ ಬಿಡಬಹುದಿತ್ತು. ಬಾಯಿಗೆ ಬೀಗವಿಲ್ಲವಲ್ಲ, ಹೆರದಿದ್ದರೂ ಸಾಕಬಹುದು, ಅದಕ್ಕೇ ಬೇರೆ ಪದ ಎಂದುಬಿಟ್ಟಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು. ಮಗಳು ಬಣ್ಣದಲ್ಲಿ ಬ್ರಷ್ ತಿರುವುತ್ತ ಕುಳಿತಳು.

ಮಾತು ಮರೆಸಲು ಜೇನಮ್ಮ ಮೂಲೆಯ ಪೆಟ್ಟಿಗೆಯತ್ತ ನಡೆದಳು. ಅದರ ರಾಣಿ ಸತ್ತಿತ್ತು. ಕಳೆದ ವಾರ ಪಕ್ಕದ ಪೆಟ್ಟಿಗೆಯಿಂದ ಮೊಟ್ಟೆಗಳಿದ್ದ ಒಂದು ಮೇಣದ ಹುಟ್ಟನ್ನು ಚೌಕಟ್ಟು ಸಮೇತ ತಂದು ಅದರೊಳಗೆ ಇಳಿಸಿದ್ದಳು. ಪರರ ಮೊಟ್ಟೆಯನ್ನು ಈ ಹುಳಗಳು ತಮ್ಮದೆಂದು ನೋಡಿಕೊಂಡರೆ ಹೊಸ ರಾಣಿ ಬರುತ್ತದೆ, ಇಲ್ಲದಿದ್ದರೆ ಪೆಟ್ಟಿಗೆಯೇ ಖಾಲಿಯಾಗುತ್ತದೆ.

ಹುಟ್ಟನ್ನೆತ್ತಿ ಬೆಳಕಿಗೆ ಹಿಡಿದಳು. ಕಡಲೆಕಾಯಿಯಂಥ ಎರಡು ಉದ್ದನೆಯ ಗೂಡುಗಳು ಜೋತುಬಿದ್ದಿದ್ದವು. ಒಳಗೆ ಹೊಸ ರಾಣಿಯರು ಬೆಳೆಯುತ್ತಿದ್ದರು, ಹುಳಗಳು ಮುತ್ತಿಕೊಂಡು ಕಾಯುತ್ತಿದ್ದವು.

ಹಿಂದಿನಿಂದ ಬಂದ ಮಗಳು ಭುಜದ ಮೇಲಿಂದ ಇಣುಕಿದಳು.

"ಸಾಕಿಕೊಂಡ್ವು ಅಲ್ವಾ," ಎಂದಳು. "ನಮ್ಮನೇಲಿ ಆದ ಹಾಗೇ. ಅಜ್ಜಿ ಯಾವಾಗ್ಲೋ ಹೇಳಿದ್ರಮ್ಮ. ನಂಗೆ ಗೊತ್ತು ಅಂತ ತಿಳಿದ್ರೆ ನೀನು ಅಳ್ತೀಯ ಅಂತ ಸುಮ್ನಿದ್ದೆ."

ಜೇನಮ್ಮ ಅತ್ತೇಬಿಟ್ಟಳು. ಎದೆಯ ಮೇಲಿನ ಬಂಡೆ ಇಳಿದ ಮೇಲೆ ಬರುವ ಅಳು ಅದು, ಎಷ್ಟು ಅತ್ತರೂ ಹಾಯೆನಿಸುತ್ತಿತ್ತು. ಕೈತುಂಬ ಹುಳಗಳಿದ್ದ ಹುಟ್ಟು, ಕಣ್ಣೊರೆಸಿಕೊಳ್ಳಲೂ ಆಗದು. ಮಗಳೇ ಒರೆಸಿದಳು, ಕೆನ್ನೆಗೆಲ್ಲ ನೀಲಿ ಬಣ್ಣ ಮೆತ್ತಿತು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ," ಎಂದಳು ಮಗಳು. "ಸಾಕಿದವರಿಗೆ?"

"ಸಾಕಿದವರಿಗೂ ಹೆಗ್ಗಣವೇ," ಎಂದಳು ಜೇನಮ್ಮ ಮೂಗೆಳೆದುಕೊಳ್ಳುತ್ತ. "ಹೋಗು, ಬೋರ್ಡಲ್ಲಿ ಇನ್ನೂ 'ಣೆ' ಬಾಕಿ ಇದೆ."